ಐವಿಎಫ್ ಚಿಕಿತ್ಸೆಯಲ್ಲಿರುವ ಉದ್ಯೋಗಿಯ ರಜೆಯ ಬಗ್ಗೆ

ತಂಡದ ಉದ್ಯೋಗಿಯೊಬ್ಬರು ಐವಿಎಫ್ ಚಿಕಿತ್ಸೆಗೆಂದು (ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಬೆಳೆಸುವ ಬಂಜೆತನದ ಚಿಕಿತ್ಸೆ) ರಜೆ ಕೇಳುತ್ತಾರೆ, ಆದರೆ ದಿನಾಂಕವನ್ನು ಮುಂಚಿತವಾಗಿ ಹೇಳುವುದಿಲ್ಲ ಎಂದು ಬರೆದಿದ್ದೀರಿ. ಅವರು ಹೇಳಲು ಸಾಧ್ಯವೇ ಇಲ್ಲ. ಅಂಡಾಶಯವನ್ನು ಪ್ರಚೋದಿಸುವ ಚುಚ್ಚುಮದ್ದುಗಳು ಸಾಮಾನ್ಯವಾಗಿ 8ರಿಂದ 14 ದಿನ ನಡೆಯುತ್ತವೆ. ನಡುನಡುವೆ ಸ್ಕ್ಯಾನ್, ರಕ್ತಪರೀಕ್ಷೆ. ದೇಹ ಹೇಗೆ ಸ್ಪಂದಿಸುತ್ತಿದೆ ಎಂಬುದನ್ನು ನೋಡಿಯೇ ವೈದ್ಯರು ಮುಂದಿನ ಭೇಟಿಯನ್ನು ಗೊತ್ತುಮಾಡುತ್ತಾರೆ. ಕೊನೆಯ ಚುಚ್ಚುಮದ್ದು ಕೊಟ್ಟ ಸುಮಾರು 36 ಗಂಟೆಗಳಿಗೆ ಅಂಡಾಣುಗಳನ್ನು ಹೊರತೆಗೆಯಬೇಕು. ಯಾವ ಸಭೆಗಾಗಿಯೂ ಅದನ್ನು ಮುಂದೂಡಲಾಗದು.

ಹಾಗಾಗಿ ಬೆಳಗಿನ ಕೆಲವು ಗಂಟೆಗಳ ಬಿಡುವು, ಮನೆಯಿಂದ ಕೆಲಸ ಮಾಡುವ ಅವಕಾಶ, ಅವರ ಕೆಲಸ ಬಲ್ಲ ಇನ್ನೊಬ್ಬರು: ಇಷ್ಟನ್ನು ಮೊದಲೇ ಸಿದ್ಧಪಡಿಸಿ. ಅಂಡಾಣು ತೆಗೆಯುವ ದಿನ ಅರಿವಳಿಕೆ ಕೊಡುವುದುಂಟು, ಅಂದು ಪೂರ್ಣ ರಜೆಯೇ ಬೇಕು. ಪತ್ನಿಯ ಜೊತೆಗೆ ಹೋಗಬೇಕಾದ ಗಂಡಸರಿಗೂ ಬಿಡುವು ಕೊಡಿ. ಬಂಜೆತನದ ಕಾರಣ ಪುರುಷರಲ್ಲಿಯೂ ಇರುತ್ತದೆ.

ತಂಡಕ್ಕೆ ವಿಷಯ ತಿಳಿಸಬೇಕೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ, ಅದು ಅವರ ಮಾತು, ಅವರೇ ಆಡಲಿ. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ಬಳಿಕ ಫಲಿತಾಂಶಕ್ಕೆ ಸುಮಾರು ಎರಡು ವಾರ ಕಾಯಬೇಕಾಗುತ್ತದೆ. ಆಗ ‘ಏನಾಯಿತು?’ ಎಂದು ದಯವಿಟ್ಟು ವಿಚಾರಿಸಬೇಡಿ. ಚಿಕಿತ್ಸೆ ಫಲಿಸದಿದ್ದರೆ ಕಾರಣ ಕೇಳದೆ ಒಂದೆರಡು ದಿನ ರಜೆ ಕೊಡಿ. ‘ಹೇಗೂ ತಾಯಿಯಾಗುತ್ತಾರೆ’ ಎಂದು ಬಡ್ತಿ ತಪ್ಪಿಸುವುದಂತೂ ಶುದ್ಧ ಅನ್ಯಾಯ.