ವಾರದ ವಿದೇಶ ಪ್ರವಾಸಕ್ಕೆ ಕೈಖರ್ಚು ಎಷ್ಟು ಬೇಕು? ದಿನದ ಲೆಕ್ಕ ಬಿಟ್ಟು ಊಟದ ಲೆಕ್ಕ ಹಿಡಿಯಿರಿ

ನಿಮ್ಮ ಪ್ರಶ್ನೆ ಇಷ್ಟು: ಇಬ್ಬರು, ಏಳು ರಾತ್ರಿ, ಹೊರದೇಶದ ದೊಡ್ಡ ನಗರ. ವಿಮಾನದ ಟಿಕೆಟ್ಟು, ಹೋಟೆಲ್ಲು ಎರಡೂ ಆಗಿವೆ. ಇನ್ನು ಕೈಖರ್ಚಿಗೆ ದಿನಕ್ಕೆ ಎಷ್ಟು, ಅದರಲ್ಲಿ ನಗದು ಎಷ್ಟು? ಯಾವ ನಗರ ಅಂತ ನೀವು ಬರೆದಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನಡೆಯುವ ಲೆಕ್ಕದ ಕ್ರಮ ಹೇಳುತ್ತೇನೆ, ನಡುನಡುವೆ ನಾಲ್ಕಾರು ನಗರಗಳ ಉದಾಹರಣೆ ಕೊಡುತ್ತೇನೆ.

‘ದಿನಕ್ಕೆ ಇಷ್ಟು’ ಅಂತ ಎಲ್ಲೋ ಓದಿದ ಒಂದು ಅಂಕಿಯನ್ನು ಏಳರಿಂದ ಗುಣಿಸುವುದೇ ಮೊದಲ ಎಡವಟ್ಟು. ಏಳು ರಾತ್ರಿ ಅಂದರೆ ಎಂಟು ತಾರೀಖು. ಆ ಎಂಟರಲ್ಲಿ ಮೊದಲನೆಯದು ಯಾವಾಗಲೂ ದುಬಾರಿ: ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಖರ್ಚು, ಸಿಮ್, ಮೆಟ್ರೋ ಕಾರ್ಡು, ಕೆಲವು ಊರುಗಳಲ್ಲಿ ಹೋಟೆಲಿನವರು ಕೌಂಟರಿನಲ್ಲೇ ಕೇಳುವ ಪ್ರವಾಸಿ ತೆರಿಗೆ, ಎಲ್ಲವೂ ಅವತ್ತೇ. ಈ ತೆರಿಗೆಯನ್ನು ಬಹಳ ಜನ ಮರೆಯುತ್ತಾರೆ. ರೋಮ್‌ನಲ್ಲಿ ಅದು ತಲೆಗೆ, ರಾತ್ರಿಗೆ ಇಷ್ಟು ಅಂತ. ಅಂದರೆ ನೀವು ಇಬ್ಬರಿದ್ದರೆ ಹದಿನಾಲ್ಕು ಸಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2024ರಿಂದ ಕೋಣೆಯ ದರದ ಮೇಲೆ ಶೇ. 12.5. ಬುಕಿಂಗ್ ಪತ್ರದಲ್ಲಿ ‘ತೆರಿಗೆ ಸೇರಿದೆ’ ಅಂತ ಇದ್ದರೂ ನಗರದ ತೆರಿಗೆ ಸೇರಿದೆಯೋ ಇಲ್ಲವೋ ಅನ್ನುವ ಸಾಲನ್ನು ಬೇರೆಯಾಗಿ ಹುಡುಕಿ ಓದಿ.

ಆದ್ದರಿಂದ ದುಡ್ಡನ್ನು ಮೂರು ಗಂಟು ಮಾಡಿ. ಒಂದೇ ಸಲ ಆಗಿ ಮುಗಿಯುವ ಖರ್ಚು ಒಂದು, ದಿನಾ ಆಗುವುದು ಇನ್ನೊಂದು, ಮಾಡದಿದ್ದರೂ ನಡೆಯುವಂಥದ್ದು ಮೂರನೆಯದು. ಮೊದಲನೆಯದನ್ನು ಮನೆಯಲ್ಲೇ ಕೂತು ಹೆಚ್ಚುಕಮ್ಮಿ ಕರಾರುವಾಕ್ಕಾಗಿ ಬರೆಯಬಹುದು. ಮೂರನೆಯದು ನಿಮ್ಮ ಮರ್ಜಿ. ಲೆಕ್ಕ ಕೈಕೊಡುವುದು ಎರಡನೆಯದರಲ್ಲಿ, ಅದರಲ್ಲೂ ಊಟದಲ್ಲಿ.

ಊಟಕ್ಕೆ ನಾನು ಹೇಳುವ ಅಳತೆಗೋಲು ‘ಮಧ್ಯಾಹ್ನದ ಒಂದು ಊಟ’. ಮ್ಯಾಪ್ ತೆರೆದು, ನಿಮ್ಮ ಹೋಟೆಲಿನಿಂದ ಹತ್ತು ನಿಮಿಷದ ನಡಿಗೆಯೊಳಗಿನ ಮೂರು ಸಾಧಾರಣ ಊಟದ ಜಾಗ ಹುಡುಕಿ. ಜನ ಹಾಕಿರುವ ಮೆನು ಫೋಟೊಗಳಲ್ಲಿ ಕಳೆದ ಒಂದು ವರ್ಷದೊಳಗಿನವನ್ನು ಮಾತ್ರ ನೋಡಿ. ಒಬ್ಬರು ಹೊಟ್ಟೆ ತುಂಬ ತಿಂದರೆ ಎಷ್ಟಾಗುತ್ತೆ ಅಂತ ಮೂರೂ ಕಡೆ ಕೂಡಿ, ನಡುವಿನ ಅಂಕಿ ಹಿಡಿಯಿರಿ. ಅದು ಒಂದು ಘಟಕ. ತಿಂಡಿಗೆ ಅರ್ಧ, ಮಧ್ಯಾಹ್ನಕ್ಕೆ ಒಂದು, ರಾತ್ರಿಗೆ ಒಂದೂವರೆ: ದಿನಕ್ಕೆ ಮೂರು, ವಾರಕ್ಕೆ ಇಪ್ಪತ್ತೊಂದು. ಕಾಫಿ, ನೀರು, ಸಂಜೆಯ ಕುರುಕಲಿಗೆ ದಿನಕ್ಕೆ ಅರ್ಧ, ಅಂದರೆ ಮೂರೂವರೆ. ಒಳ್ಳೆಯ ಕಡೆ ಎರಡು ರಾತ್ರಿ ಊಟ ಮಾಡುವ ಆಸೆ ಇದ್ದರೆ ತಲಾ ಒಂದೂವರೆ ಹೆಚ್ಚು, ಮೂರು. ಒಟ್ಟು ಇಪ್ಪತ್ತೇಳೂವರೆ. ನಿಮ್ಮ ಘಟಕ 15 ಅಂತಾದರೆ ಒಬ್ಬರಿಗೆ 412.50, ಇಬ್ಬರಿಗೆ 825. ಹೋಟೆಲಿನಲ್ಲಿ ತಿಂಡಿ ಸೇರಿದ್ದರೆ ಒಬ್ಬರಿಗೆ ಮೂರೂವರೆ ಘಟಕ ಕಳೆಯಿರಿ. ಎಂಟನೆಯ ದಿನ ಸಂಜೆಯ ವಿಮಾನವಾದರೆ ಒಂದೂವರೆ ಕೂಡಿಸಿ. ನಿಲ್ದಾಣದೊಳಗಿನ ಊಟ ಅಗ್ಗ ಇರುವುದು ಅಪರೂಪ.

ಆದರೆ ಮೆನುವಿನ ಬೆಲೆ ಬೇರೆ, ಬಿಲ್ಲಿನ ಮೊತ್ತ ಬೇರೆ. ಘಟಕ ಹಿಡಿಯುವಾಗ ಬಿಲ್ಲಿನ ಮೊತ್ತವನ್ನೇ ಹಿಡಿಯಬೇಕು. ನ್ಯೂಯಾರ್ಕ್‌ನಲ್ಲಿ ಮೆನು ಪ್ರಕಾರ 40 ಡಾಲರ್ ತಿಂದಿರಿ ಅನ್ನಿ. ಸೇಲ್ಸ್ ಟ್ಯಾಕ್ಸ್ ಶೇ. 8.875, ಅಂದರೆ 3.55 ಡಾಲರ್. ಬಡಿಸಿದವರಿಗೆ ಟಿಪ್ಸ್ ಅಲ್ಲಿ ಮರ್ಜಿಯಲ್ಲ, ವಾಡಿಕೆ. ಶೇ. 20 ಅಂತ ಇಟ್ಟರೆ 8 ಡಾಲರ್. ಕೈಬಿಟ್ಟದ್ದು 51.55. ಸಿಂಗಪುರದಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಕಂಡರೆ ಒಂದು ಪ್ಲಸ್ ಶೇ. 10 ಸರ್ವಿಸ್ ಚಾರ್ಜ್, ಇನ್ನೊಂದು ಶೇ. 9 ಜಿಎಸ್‌ಟಿ. ಎರಡನೆಯದು ಮೊದಲನೆಯದನ್ನು ಕೂಡಿಸಿದ ಮೇಲೆ ಬೀಳುತ್ತೆ: 40 ಮೊದಲು 44 ಆಗಿ, ಆಮೇಲೆ 47.96. ಅದೇ ಊರಿನ ಹಾಕರ್ ಸೆಂಟರಿನಲ್ಲಿ, ಅಂದರೆ ಸಣ್ಣ ಊಟದಂಗಡಿಗಳ ಸಾಲಿನಲ್ಲಿ, ಬೋರ್ಡಿನ ಬೆಲೆಯೇ ಕೊನೆಯ ಬೆಲೆ. ಲಂಡನ್‌ನಲ್ಲಿ ಬಿಲ್ಲಿನ ಕೊನೆಗೆ ಶೇ. 12.5 ಸರ್ವಿಸ್ ಚಾರ್ಜ್ ಸೇರಿಸಿರುವುದು ಸಾಮಾನ್ಯ. ಅದು ಕಂಡರೆ ಕಾರ್ಡ್ ಮೆಷಿನ್ನು ಮತ್ತೆ ಟಿಪ್ಸ್ ಕೇಳಿದಾಗ ಬೇಡ ಅನ್ನಿ, ಇಲ್ಲವಾದರೆ ಎರಡು ಸಲ ಕೊಟ್ಟಂತೆ. ಪ್ಯಾರಿಸ್‌ನಲ್ಲಿ ಸರ್ವಿಸ್ ಬೆಲೆಯೊಳಗೇ ಇದೆ. ಟೋಕಿಯೊದಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ. ಆದರೆ ಅಲ್ಲಿನ ಇಜಾಕಾಯಗಳಲ್ಲಿ (ಕುಡಿತದ ಜೊತೆ ಸಣ್ಣ ತಿನಿಸು ಕೊಡುವ ಅಂಗಡಿಗಳು) ನೀವು ಕೇಳದೇ ಒಂದು ಚಿಕ್ಕ ಬಟ್ಟಲು ಬಂದರೆ ಅದು ಪುಕ್ಕಟೆಯಲ್ಲ, ಕೂತ ಜಾಗದ ಶುಲ್ಕ ಆ ಬಟ್ಟಲಿನ ರೂಪದಲ್ಲಿ ಬಿಲ್ಲಿಗೆ ಏರುತ್ತೆ.

ನೀರಿನ ವಿಷಯ ಚಿಲ್ಲರೆ ಅನ್ನಿಸಬಹುದು. ಇಬ್ಬರು ಊಟಕ್ಕೆ ಕೂತಾಗಲೆಲ್ಲ ಬಾಟಲಿ ತರಿಸಿದರೆ ವಾರದ ಕೊನೆಗೆ ಒಂದೆರಡು ಊಟದ ದುಡ್ಡು ಅದರಲ್ಲೇ ಹೋಗಿರುತ್ತೆ. ಪ್ಯಾರಿಸ್‌ನಲ್ಲಿ ಊಟದ ಜೊತೆ ನಲ್ಲಿ ನೀರಿನ ಜಗ್ ಕೇಳಿದರೆ ಬಿಟ್ಟಿಯಾಗಿ ಕೊಡಲೇಬೇಕು. ನೀವಾಗಿ ‘ನಲ್ಲಿ ನೀರು’ ಅಂತ ಹೇಳದಿದ್ದರೆ ಬಾಟಲಿಯೇ ಬರುವುದು ಹೆಚ್ಚು.

ಓಡಾಟಕ್ಕೆ ಪಾಸ್ ಕೊಳ್ಳುವ ಮೊದಲು ‘ವಾರ’ ಅನ್ನುವುದಕ್ಕೆ ಆ ಊರಿನಲ್ಲಿ ಏನರ್ಥ ಅಂತ ನೋಡಿ. ಲಂಡನ್‌ನಲ್ಲಿ ವಾರದ ಮಿತಿ (ಅಷ್ಟು ದುಡ್ಡು ಕಾರ್ಡಿನಿಂದ ಕಡಿತವಾದ ಮೇಲೆ ಉಳಿದ ಸವಾರಿ ಉಚಿತ) ಸೋಮವಾರದಿಂದ ಭಾನುವಾರಕ್ಕೆ. ಗುರುವಾರ ಇಳಿದು ಮುಂದಿನ ಬುಧವಾರ ಹೊರಡುವವರಿಗೆ ಒಂದು ವಾರದಲ್ಲಿ ನಾಲ್ಕು ದಿನ, ಇನ್ನೊಂದರಲ್ಲಿ ಮೂರು ದಿನ ಬೀಳುವುದರಿಂದ ಆ ಮಿತಿ ಮುಟ್ಟುವುದು ಕಷ್ಟ, ಕಾಯುವುದು ದಿನದ ಮಿತಿ ಮಾತ್ರ. ಪ್ಯಾರಿಸ್‌ನ ನವಿಗೋ ವಾರದ ಪಾಸೂ ಸೋಮವಾರದಿಂದ ಭಾನುವಾರದ್ದೇ. ಶುಕ್ರವಾರ ಕೇಳಿದರೆ ಮುಂದಿನ ವಾರದ್ದು ಕೊಡುತ್ತಾರೆ. ನ್ಯೂಯಾರ್ಕ್‌ನಲ್ಲಿ ಮಾತ್ರ ಮೊದಲ ಸಲ ಕಾರ್ಡ್ ಮುಟ್ಟಿಸಿದ ದಿನದಿಂದ ಏಳು ದಿನ, ಸುಮಾರು ಹನ್ನೆರಡು ಸವಾರಿ ಆದ ಮೇಲೆ ಉಳಿದದ್ದು ಉಚಿತ. ಈ ಮಿತಿಗಳೆಲ್ಲ ಒಂದೇ ಕಾರ್ಡಿನ ಮೇಲೆ ಎಣಿಕೆಯಾಗುತ್ತವೆ. ಬೆಳಿಗ್ಗೆ ಪ್ಲಾಸ್ಟಿಕ್ ಕಾರ್ಡು, ಸಂಜೆ ಅದೇ ಕಾರ್ಡನ್ನು ಫೋನಿನಿಂದ ಮುಟ್ಟಿಸಿದರೆ ಯಂತ್ರಕ್ಕೆ ಅವು ಇಬ್ಬರು ಪ್ರಯಾಣಿಕರು, ಮಿತಿ ಎರಡರಲ್ಲೂ ಮುಟ್ಟುವುದಿಲ್ಲ. ನಿಮ್ಮಿಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಲಿ, ಅವರವರದನ್ನು ಕೊನೆತನಕ ಅವರವರೇ ಬಳಸಲಿ. ಇದಲ್ಲದೆ ಎರಡು ಟ್ಯಾಕ್ಸಿ ಸವಾರಿಯ ದುಡ್ಡು ಬರೆದಿಡಿ. ‘ನಾವು ಟ್ಯಾಕ್ಸಿ ಹತ್ತುವುದೇ ಇಲ್ಲ’ ಅನ್ನುವವರು ಕೂಡ ಮೂರನೆಯ ದಿನದ ಹೊತ್ತಿಗೆ ಕಾಲು ನೋವಿನಲ್ಲಿ ಕೈ ಎತ್ತುತ್ತಾರೆ.

ನೋಡುವ ಜಾಗಗಳ ಟಿಕೆಟ್ಟುಗಳನ್ನು ಹೊರಡುವ ಮೊದಲೇ ಕೊಂಡು ಕೈಖರ್ಚಿನಿಂದ ತೆಗೆದುಬಿಡಿ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್‌ಗಳ ಕಾಯಂ ಸಂಗ್ರಹಕ್ಕೆ ಪ್ರವೇಶ ಉಚಿತ. ಪ್ಯಾರಿಸ್‌ನ ಲೂವ್ರ್‌ನಲ್ಲಿ 2026ರ ಜನವರಿಯಿಂದ ಯುರೋಪಿನ ಆರ್ಥಿಕ ವಲಯದ ಆಚೆಯವರಿಗೆ 32 ಯೂರೊ. ಹಳೆಯ ಲೇಖನಗಳಲ್ಲಿ 22 ಅಂತಲೇ ಇರುತ್ತೆ. ದರವನ್ನು ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ನೋಡಿ.

ಈಗ ಸೋರಿಕೆಗೆ ಬರೋಣ. ಎಟಿಎಂನಲ್ಲಾಗಲಿ ಅಂಗಡಿಯ ಮೆಷಿನ್ನಿನಲ್ಲಾಗಲಿ ಪರದೆಯ ಮೇಲೆ ಎರಡು ಮೊತ್ತ ಕಾಣುತ್ತೆ: ಒಂದು ಆ ದೇಶದ ದುಡ್ಡಿನಲ್ಲಿ, ಇನ್ನೊಂದು ನಿಮ್ಮ ದುಡ್ಡಿನಲ್ಲಿ. ನಿಮ್ಮ ದುಡ್ಡಿನ ಅಂಕಿ ಪರಿಚಿತವಾದ್ದರಿಂದ ಕೈ ತಾನಾಗಿ ಅದರ ಕಡೆಗೇ ಹೋಗುತ್ತೆ. ಒತ್ತಬೇಡಿ. ಆ ದರ ನಿಗದಿ ಮಾಡುವುದು ಯಂತ್ರದವರು, ಅದರೊಳಗೆ ಅವರ ಲಾಭ ಸೇರಿರುತ್ತೆ. ಯಾವಾಗಲೂ ಆ ದೇಶದ ದುಡ್ಡನ್ನೇ ಆರಿಸಿ. ಎಟಿಎಂಗಳಲ್ಲಿ ಇದನ್ನು ‘ಪರಿವರ್ತನೆ ಬೇಡ’ ಅನ್ನುವ ಗುಂಡಿಯಾಗಿ ಇಟ್ಟಿರುತ್ತಾರೆ. ಅದನ್ನು ಒತ್ತಿದರೆ ವ್ಯವಹಾರವೇ ರದ್ದಾದೀತು ಅಂತ ಜನ ಹೆದರುತ್ತಾರೆ. ರದ್ದಾಗುವುದಿಲ್ಲ, ದುಡ್ಡು ಬರುತ್ತೆ, ದರ ಮಾತ್ರ ನಿಮ್ಮ ಕಾರ್ಡಿನದು. ಇನ್ನು ಎಟಿಎಂನವರ ಶುಲ್ಕ ಬೇರೆ, ನಿಮ್ಮ ಬ್ಯಾಂಕಿನ ಶುಲ್ಕ ಬೇರೆ. ಎರಡೂ ಸಲಕ್ಕೆ ಇಷ್ಟು ಅಂತ ಇದ್ದರೆ ನಾಲ್ಕು ಸಲ ಚೂರು ಚೂರು ತೆಗೆಯುವುದಕ್ಕಿಂತ ಒಂದೇ ಸಲ ತೆಗೆಯುವುದು ವಾಸಿ. ಕ್ರೆಡಿಟ್ ಕಾರ್ಡಿನಿಂದ ನಗದು ಬೇಡವೇ ಬೇಡ, ಸಾಮಾನ್ಯವಾಗಿ ಅವತ್ತಿನಿಂದಲೇ ಬಡ್ಡಿ ಶುರು.

ನಿಲ್ದಾಣದ ವಿನಿಮಯ ಕೌಂಟರಿನ ‘ಕಮಿಷನ್ ಇಲ್ಲ’ ಬೋರ್ಡನ್ನು ನಂಬಬೇಡಿ. ಕೊಳ್ಳುವ ದರ, ಮಾರುವ ದರ ಎರಡನ್ನೂ ನೋಡಿ. ಅವೆರಡರ ನಡುವಿನ ಅಂತರವೇ ಅವರ ಕಮಿಷನ್.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ಹೋಟೆಲಿನ ಡಿಪಾಸಿಟ್. ಕೋಣೆಯ ಬಾಡಿಗೆ ಪೂರ್ತಿ ಕಟ್ಟಿದ್ದರೂ ಚೆಕ್‌ಇನ್ ಹೊತ್ತಿಗೆ ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಆದರೆ ಬಿಡುಗಡೆ ಆಗುವವರೆಗೆ ನಿಮ್ಮ ಕೈಗೂ ಸಿಗುವುದಿಲ್ಲ. ಚೆಕ್‌ಔಟ್ ಆದ ಮೇಲೂ ಕೆಲವು ದಿನ ಹಿಡಿಯಬಹುದು. ವಾರದ ದುಡ್ಡೆಲ್ಲ ಒಂದೇ ಡೆಬಿಟ್ ಕಾರ್ಡಿನಲ್ಲಿ ಇಟ್ಟುಕೊಂಡವರಿಗೆ ಮೊದಲ ರಾತ್ರಿಯೇ ಬ್ಯಾಲೆನ್ಸ್ ಸಾಲದೆ ಹೋಗುವುದು ಹೀಗೆ. ಡಿಪಾಸಿಟ್ಟಿಗೆ ಕ್ರೆಡಿಟ್ ಕಾರ್ಡ್ ಕೊಡಿ, ಡೆಬಿಟ್ ಕಾರ್ಡನ್ನು ಖರ್ಚಿಗೆ ಇಟ್ಟುಕೊಳ್ಳಿ, ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ.

ನಗದು ಎಷ್ಟು ಅನ್ನುವುದು ಊರಿನ ಮೇಲೆ ನಿಂತಿದೆ. ಲಂಡನ್ ಬಸ್ಸುಗಳು 2014ರಿಂದ ನಗದು ಮುಟ್ಟುವುದಿಲ್ಲ. ಅಲ್ಲಿ ಇಬ್ಬರಿಗೂ ಸೇರಿ ಒಂದು ದಿನದ ಊಟದಷ್ಟು ನಗದು ಇದ್ದರೆ ಬೇಕಾದಷ್ಟಾಯಿತು. ಟೋಕಿಯೊದಲ್ಲಿ ಟಿಕೆಟ್ ಯಂತ್ರ ಇಟ್ಟಿರುವ ಪುಟ್ಟ ನೂಡಲ್ಸ್ ಅಂಗಡಿಗಳು, ದೇವಸ್ಥಾನಗಳು, ಸಾರಿಗೆ ಕಾರ್ಡ್ ತುಂಬಿಸುವ ಎಷ್ಟೋ ಯಂತ್ರಗಳು ನೋಟನ್ನೇ ಕೇಳುತ್ತವೆ. ಅಲ್ಲಿಗಾದರೆ ದಿನದ ಗಂಟಿನ ಮೂರನೇ ಒಂದು ಭಾಗ ನಗದಾಗಿ ಇರಲಿ.

ಮೂರನೆಯ ಗಂಟಿಗೆ, ಅಂದರೆ ಸಾಮಾನು ಕೊಳ್ಳುವುದಕ್ಕೆ, ನಿಮಗೆ ತೋಚಿದ ಮೊತ್ತ ಇಡಿ, ಕೊಂಡ ಸಾಮಾನಿನ ಮೇಲಿನ ತೆರಿಗೆ ವಾಪಸು ಬರುತ್ತೆ ಅಂತ ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಲಂಡನ್ ಅಂಗಡಿಗಳಲ್ಲಿ ಕೊಂಡು ಕೈಯಲ್ಲೇ ಒಯ್ಯುವ ಪ್ರವಾಸಿಗೆ 2021ರ ಜನವರಿಯಿಂದ ಆ ಸೌಲಭ್ಯವೇ ಇಲ್ಲ. ಫ್ರಾನ್ಸ್‌ನಲ್ಲಿ ಇದೆ, ಆದರೆ ಖರೀದಿ 100 ಯೂರೊ ದಾಟಿರಬೇಕು, ನಿಲ್ದಾಣದಲ್ಲಿ ಫಾರಂ ಸ್ಕ್ಯಾನ್ ಮಾಡಿಸಬೇಕು. ಕ್ಯೂ ಉದ್ದ ಇದ್ದು ವಿಮಾನದ ಹೊತ್ತಾದರೆ ಆ ದುಡ್ಡು ಹೋದಂತೆಯೇ.

ಮೂರೂ ಗಂಟು ಕೂಡಿದ ಮೇಲೆ, ಅದರ ಜೊತೆಗೆ ಇನ್ನೂ ಶೇ. 15 ಎತ್ತಿಟ್ಟು ಬೇರೆ ಕಾರ್ಡಿಗೆ ಹಾಕಿ. ದಿನದ ದುಡ್ಡಿನ ಜೊತೆ ಬೆರೆಸಿದರೆ ಅದು ಮೀಸಲಾಗಿ ಉಳಿಯುವುದಿಲ್ಲ, ಇನ್ನೊಂದು ಸಂಜೆಯ ಊಟವಾಗುತ್ತೆ. ಕಾಯಿಲೆ ಕಸಾಲೆಗೆ ಇದು ಸಾಲದು, ಅದಕ್ಕೆ ವಿಮೆಯೇ ಬೇಕು.

ಅಲ್ಲಿಗೆ ಹೋದ ಮೇಲೆ ದಿನಾ ರಾತ್ರಿ ಐದು ನಿಮಿಷ ಕೂತು ಅವತ್ತಿನ ಮೊತ್ತವನ್ನು ಫೋನಿನಲ್ಲಿ ಒಂದು ಸಾಲು ಬರೆಯಿರಿ, ಬಿಡಿ ವಿವರ ಬೇಡ. ನಾಲ್ಕನೆಯ ರಾತ್ರಿ ದಿನದ ಗಂಟಿನಲ್ಲಿ ಶೇ. 60ಕ್ಕಿಂತ ಹೆಚ್ಚು ಖಾಲಿಯಾಗಿದ್ದರೆ ಎರಡು ದೊಡ್ಡ ಊಟಗಳಲ್ಲಿ ಒಂದನ್ನು ಬಿಡಿ. ಕಾಫಿ ಕಾಫಿಗೂ ಕೈ ಬಿಗಿ ಹಿಡಿಯುವುದಕ್ಕಿಂತ ಅದು ಸುಲಭ, ಜಗಳವೂ ಆಗುವುದಿಲ್ಲ. ಕೊನೆಯ ಬೆಳಿಗ್ಗೆ ಉಳಿದ ನೋಟು ಚಿಲ್ಲರೆಯನ್ನೆಲ್ಲ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು, ಬಾಕಿ ಬಿಲ್ ಏನಾದರೂ ಇದ್ದರೆ ಅದಕ್ಕೆ ಜಮಾ ಮಾಡಿಸಿ, ಮಿಕ್ಕಿದ್ದನ್ನು ಕಾರ್ಡಿನಿಂದ ಕಟ್ಟಿ. ನಾಣ್ಯಗಳನ್ನು ವಾಪಸು ಬಂದ ಮೇಲೆ ವಿನಿಮಯದವರು ತೆಗೆದುಕೊಳ್ಳುವುದಿಲ್ಲ.