ಲಾರ್ಡ್ ಆಫ್ ದಿ ರಿಂಗ್ಸ್ ಸಿನಿಮಾ ನೋಡಿ ಆಗಿದೆ, ಇನ್ನು ಕಾದಂಬರಿ ಯಾಕೆ ಓದಬೇಕು?

ಮೂರೂ ಸಿನಿಮಾ ನೋಡಿದ್ದೇನೆ, ಕಥೆ ಗೊತ್ತು, ಮತ್ತೆ ಸಾವಿರ ಪುಟ ಓದಿ ಏನು ಸಿಗುತ್ತೆ ಅಂತ ಕೇಳಿದ್ದೀರಿ. ಓದಲೇಬೇಕು ಅಂತೀನಿ. ಯಾಕಂದ್ರೆ ಕಥೆಯ ಕೊನೆ ನಿಮಗಿನ್ನೂ ಗೊತ್ತಿಲ್ಲ.

ಪೀಟರ್ ಜಾಕ್ಸನ್ ಅವರ ಸಿನಿಮಾಗಳು (2001ರಿಂದ 2003) ನನಗೆ ತುಂಬಾ ಇಷ್ಟ. ಕೆಲವು ಕಡೆ ಸಿನಿಮಾನೇ ಒಂದು ಕೈ ಮೇಲು. ಯೋಧ ಬೊರೊಮಿರ್‌ನ ಸಾವನ್ನೇ ನೋಡಿ. ಪುಸ್ತಕದಲ್ಲಿ ಅವನ ಸಂಗಡಿಗ ಅರಗಾರ್ನ್ ಓಡಿ ಬರುವಷ್ಟರಲ್ಲಿ ಕಾಳಗ ಮುಗಿದೇ ಹೋಗಿರುತ್ತದೆ. ಸಿನಿಮಾದಲ್ಲಿ ಎದೆಗೆ ಬಾಣ ನೆಟ್ಟರೂ ಬೊರೊಮಿರ್ ಮತ್ತೆ ಎದ್ದು ಕತ್ತಿ ಬೀಸುತ್ತಾನೆ. ಪುಸ್ತಕದ ಕಾಡಿನಲ್ಲಿ ಸಿಗುವ ವಿಚಿತ್ರ ಪಾತ್ರ ಟಾಮ್ ಬಾಂಬಡಿಲ್‌ನನ್ನು ಕೈಬಿಟ್ಟರು ಅಂತ ಓದಿದವರು ಗೊಣಗುತ್ತಾರೆ. ನನಗೆ ಅದು ಅಷ್ಟು ದೊಡ್ಡ ನಷ್ಟ ಅನಿಸಿಲ್ಲ.

ನಿಜವಾದ ನಷ್ಟ ಬೇರೆ. ಸಿನಿಮಾದಲ್ಲಿ ದುಷ್ಟಶಕ್ತಿಯ ಉಂಗುರ ನಾಶವಾದ ಮೇಲೆ ಫ್ರೋಡೊ, ಸ್ಯಾಮ್, ಮೆರ್ರಿ, ಪಿಪ್ಪಿನ್ ಎಂಬ ನಾಲ್ವರು ಹಾಬಿಟ್‌ಗಳು (ಕುಳ್ಳಗಿನ ಜನ) ತಮ್ಮ ಊರು ಶೈರ್‌ಗೆ ವಾಪಸ್ ಬರುತ್ತಾರೆ. ಬಿಟ್ಟು ಹೋದಾಗ ಹೇಗಿತ್ತೋ ಊರು ಹಾಗೇ ಇದೆ. ಕಾದಂಬರಿ ಬರೆದ ಟೋಲ್ಕಿನ್ ಹಾಗೆ ಬರೆದಿಲ್ಲ. ಪುಸ್ತಕದಲ್ಲಿ ಊರು ಹಾಳಾಗಿದೆ. ಸಾಲುಮರಗಳನ್ನು ಕಡಿದಿದ್ದಾರೆ. ಹೊಸ ಗಿರಣಿಯ ಹೊಲಸು ಹೊಳೆಗೆ ಬೀಳುತ್ತಿದೆ. ಸ್ಯಾಮ್‌ನ ಅಪ್ಪ ಇದ್ದ ಓಣಿಯನ್ನೇ ಅಗೆದು ಮರಳು, ಜಲ್ಲಿಯ ಕ್ವಾರಿ ಮಾಡಿದ್ದಾರೆ. ಫ್ರೋಡೊನ ಹಿರಿಯ ನೆಂಟ ಬಿಲ್ಬೊ ಹುಟ್ಟುಹಬ್ಬ ಮಾಡಿಕೊಂಡಿದ್ದ ಜಾಗದ ಮರ ನೆಲಕ್ಕೆ ಬಿದ್ದಿರುವುದನ್ನು ನೋಡಿ ಸ್ಯಾಮ್ ಅತ್ತೇ ಬಿಡುತ್ತಾನೆ. ಇದರ ಹಿಂದೆ ದುಷ್ಟ ಮಾಂತ್ರಿಕ ಸಾರುಮಾನ್ ಇದ್ದಾನೆ, ಸರಿ. ಆದರೆ ಶುರು ಮಾಡಿದ್ದು ಊರಿನವನೇ ಆದ ಲೋಥೊ. ಹೊಲ, ಗಿರಣಿ ಎಲ್ಲಾ ಕೊಂಡುಕೊಂಡು, ಊರಿನ ಮಾಲನ್ನು ಗಾಡಿಗಟ್ಟಲೆ ಹೊರಗೆ ಸಾಗಿಸಿದವನು ಅವನು.

ನಾನು ಸಂಡೂರಿನವನು. ಗಣಿ ಜೋರಾಗಿದ್ದ ವರ್ಷಗಳಲ್ಲಿ ರಸ್ತೆ ಪಕ್ಕದ ಬೇವಿನ ಎಲೆ ಕೆಂಪು, ಒಣಗಲು ಹಾಕಿದ ಬಟ್ಟೆ ಕೆಂಪು, ಮಳೆ ಬಂದರೆ ಹಳ್ಳದ ನೀರೂ ಕೆಂಪು. ಹಗಲೂ ರಾತ್ರಿ ಅದಿರಿನ ಲಾರಿಗಳ ಸಾಲು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ನಿಂತವು. ಕೊರೆದ ಗುಡ್ಡ ಮಾತ್ರ ಮೊದಲಿನಂತೆ ಆಗಲಿಲ್ಲ. ಹಾಗಾಗಿ ಶೈರ್ ಹಾಳಾದ ಆ ಅಧ್ಯಾಯ ನನಗೆ ಬರೀ ಕಲ್ಪನೆ ಅನಿಸುವುದೇ ಇಲ್ಲ. ಟೋಲ್ಕಿನ್‌ಗೂ ಅದು ಬರೀ ಕಲ್ಪನೆ ಆಗಿರಲಿಲ್ಲ. ತಾನು ಚಿಕ್ಕಂದಿನಲ್ಲಿ ಇದ್ದ ಹಳ್ಳಿಗಾಡು ಹತ್ತು ವರ್ಷ ತುಂಬುವ ಮುಂಚೆಯೇ ಹಾಳಾಗುತ್ತಿತ್ತು, ಆ ಅನುಭವ ಇದರ ಹಿಂದಿದೆ ಅಂತ ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ.

ಆಮೇಲೆ ಹಾಬಿಟ್‌ಗಳು ಏನು ಮಾಡುತ್ತಾರೆ ನೋಡಿ. ಯಾವ ರಾಜನೂ ಬರುವುದಿಲ್ಲ, ಮಾಂತ್ರಿಕ ಗ್ಯಾಂಡಾಲ್ಫ್ ಕೂಡ ಬರುವುದಿಲ್ಲ. ಮೆರ್ರಿ, ಪಿಪ್ಪಿನ್ ಊರಿನವರನ್ನು ಸೇರಿಸಿ ಪುಂಡರನ್ನು ಓಡಿಸುತ್ತಾರೆ. ಆ ಕಾಳಗದಲ್ಲಿ 19 ಹಾಬಿಟ್‌ಗಳು ಸಾಯುತ್ತಾರೆ. ಫ್ರೋಡೊ ಕತ್ತಿ ಹಿಡಿಯುವುದೇ ಇಲ್ಲ. ಶರಣಾದವರನ್ನು ಕೊಲ್ಲಬೇಡಿ ಅಂತ ತಡೆಯುವುದೇ ಅವನ ಕೆಲಸ. ಸ್ಯಾಮ್ ಹತ್ತಿರ ಕಾಡಿನ ಒಡತಿ ಗಲಾಡ್ರಿಯಲ್ ಕೊಟ್ಟ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಒಳಗೆ ಅವಳ ತೋಟದ ಮಣ್ಣು, ಜೊತೆಗೆ ಒಂದು ಬೀಜ. ಮರ ಕಡಿದ ಜಾಗದಲ್ಲೆಲ್ಲಾ ಸಸಿ ನೆಟ್ಟು, ಒಂದೊಂದರ ಬುಡಕ್ಕೂ ಒಂದೊಂದು ಕಣ ಮಣ್ಣು ಹಾಕುತ್ತಾನೆ. ಆ ಪೆಟ್ಟಿಗೆಯೇ ಸಿನಿಮಾದಲ್ಲಿ ಇಲ್ಲ!

ಊರು ಹಾಳಾಗಿರುವ ಆ ಅಧ್ಯಾಯ ಮೂರನೇ ಸಂಪುಟದ ಕೊನೆಯದಕ್ಕೆ ಹಿಂದಿನದು, ಹೆಸರು 'ದಿ ಸ್ಕೌರಿಂಗ್ ಆಫ್ ದಿ ಶೈರ್'. ಸೀದಾ ಅಲ್ಲಿಗೆ ಹಾರಬೇಡಿ. ಕಾದಂಬರಿಯ ಮೊದಲ ಪುಟಗಳು ಸ್ವಲ್ಪ ನಿಧಾನ, ಬರೀ ಊಟ, ತೋಟ, ಊರ ಸುದ್ದಿ. ಅದನ್ನು ಬಿಡದೆ ಓದಿ. ಸ್ಯಾಮ್ ಯಾಕೆ ಅಳುತ್ತಾನೆ ಅಂತ ಆಗಲೇ ಗೊತ್ತಾಗುವುದು.