ಅದು ಬೆಳ್ಗಣ್ಣ ಅಲ್ಲ, ಉತ್ತರದಿಂದ ಬಂದ ಅತಿಥಿ

ನಂದಿ ಬೆಟ್ಟದ ದಾರಿಯಲ್ಲಿ ಅಕ್ಟೋಬರ್‌ನಲ್ಲಿ ಮರದ ಮೇಲಿಂದ 'ಚಿವಿಟ್, ಚಿವಿಟ್' ಅಂತ ಬಿಡದೆ ಕೂಗುವ ಹಸಿರು ಪುಟಾಣಿ ಹಕ್ಕಿ ಬೆಳ್ಗಣ್ಣನಾ (ವೈಟ್-ಐ) ಅಂತ ಕೇಳಿದ್ದೀರಿ. ಅಲ್ಲ ಅನ್ಸುತ್ತೆ ಸರ್. ಬೆಳ್ಗಣ್ಣಗಳು ಗುಂಪು ಕಟ್ಟಿಕೊಂಡು ಓಡಾಡುತ್ತವೆ, ಕಣ್ಣಿನ ಸುತ್ತ ಸುಣ್ಣ ಹಚ್ಚಿದ ಹಾಗೆ ಬಿಳಿ ಬಳೆ ಇರುತ್ತದೆ. ನಿಮ್ಮದು ಒಂಟಿ ಹಕ್ಕಿ ಅಂದಿರಿ. ಹಾಗಾದರೆ ಬಹುತೇಕ ಗ್ರೀನಿಶ್ ವಾರ್ಬ್ಲರ್. ಹಿಮಾಲಯದ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತದೆ. ತೂಕ ಹತ್ತು ಗ್ರಾಂ ಕೂಡ ಇಲ್ಲ, ಅಷ್ಟು ದೂರ ಹಾರಿ ಬಂದು ಒಂದೊಂದು ಮರವನ್ನು ತನ್ನದೇ ಜಾಗ ಅಂತ ಹಿಡಿದುಕೊಂಡು ಕೂಗುತ್ತದೆ!

ಕಣ್ಣಿನ ಮೇಲೆ ಮಾಸಲು ಹುಬ್ಬು, ರೆಕ್ಕೆಯಲ್ಲಿ ಸಣ್ಣ ಬಿಳಿ ಗೆರೆ. ಅದನ್ನು ನೋಡಿ. ಬೈನಾಕ್ಯುಲರ್ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ, ಎಲೆಗಳ ಮಧ್ಯೆ ಒಂದು ಕ್ಷಣ ನಿಲ್ಲಲ್ಲ. ಮರದ ಕೆಳಗೆ ಹತ್ತು ನಿಮಿಷ ಸುಮ್ನೆ ನಿಂತುಬಿಡಿ, ಹುಳ ಹುಡುಕುತ್ತಾ ಕೆಳಗಿನ ಕೊಂಬೆಗೆ ಅದೇ ಇಳಿಯುತ್ತದೆ. ನನಗೆ ಮೊದಲ ವರ್ಷ ಪೂರ್ತಿ ಕತ್ತು ನೋವೇ ಸಿಕ್ಕಿದ್ದು.

ಡಿಸೆಂಬರ್‌ವರೆಗೂ ಕಾಯಬೇಕಾ ಅಂದಿರಲ್ಲ, ಬೇಡ. ಈಗಲೇ ಹೋಗಿ. ಅಕ್ಟೋಬರ್‌ನಲ್ಲಿ ವಲಸೆ ಹೋಗುವ ನವರಂಗ ಹಕ್ಕಿಯೂ (ಇಂಡಿಯನ್ ಪಿಟ್ಟಾ) ದಾರಿಯಲ್ಲಿ ಇಳಿಯುತ್ತದೆ, ತರಗೆಲೆ ಸರಸರ ಅಂದರೆ ನೆಲದ ಕಡೆ ನೋಡಿ.